ಟಿಕೆಟ್ಟಿನ ಮೇಲೊಂದು ಹೆಸರು, ವಿಮಾನದ ಮೇಲೊಂದು
ಬೆಂಗಳೂರಿನಿಂದ ಸಿಡ್ನಿಗೆ ಕ್ವಾಂಟಾಸ್ ನೇರ ವಿಮಾನ ಶುರುವಾದದ್ದು 2022ರ ಸೆಪ್ಟೆಂಬರಿನಲ್ಲಿ. ನ್ಯೂಜಿಲೆಂಡಿನಲ್ಲಿರುವ ಮಕ್ಕಳಿಗೆ ಅಪ್ಪ-ಅಮ್ಮನನ್ನು ಕರೆಸಿಕೊಳ್ಳಲು ಅದರಿಂದ ಸಿಡ್ನಿ ಮೂಲಕ ಆಕ್ಲೆಂಡ್ ತಲುಪುವ ಒಂದು ಹೊಸ ದಾರಿ ಸಿಕ್ಕಿತು. ಆದರೆ ಆಕ್ಲೆಂಡಿನಿಂದ ವೆಲ್ಲಿಂಗ್ಟನ್ನಿಗೋ ಕ್ರೈಸ್ಟ್‌ಚರ್ಚಿಗೋ ಹೋಗುವ ಕೊನೆಯ ತುಂಡಿಗೆ ಕ್ವಾಂಟಾಸ್ ಸಂಖ್ಯೆ ಇದ್ದರೂ ಹತ್ತುವ ವಿಮಾನ ಜೆಟ್‌ಸ್ಟಾರ್‌ನದಾಗಿರಬಹುದು. ಕ್ವಾಂಟಾಸ್‌ನ ಈ ಅಗ್ಗದ ದರದ ಅಂಗಸಂಸ್ಥೆ ನ್ಯೂಜಿಲೆಂಡಿನ ದೇಶೀಯ ಹಾರಾಟಕ್ಕೆ ಇಳಿದದ್ದು 2009ರಲ್ಲಿ. ಆಕ್ಲೆಂಡಿನಲ್ಲಿ ಇಳಿದವರು ಸೂಟ್‌ಕೇಸ್ ತಾವೇ ಎತ್ತಿಕೊಂಡು, ಉಪ್ಪಿನಕಾಯಿ, ಚಟ್ನಿಪುಡಿ ಎಲ್ಲವನ್ನೂ ತಪಾಸಣೆಯವರಿಗೆ ತಿಳಿಸಿ, ಇನ್ನೊಂದು ಟರ್ಮಿನಲ್‌ಗೆ ಹೋಗಬೇಕು. ಕ್ವಾಂಟಾಸ್‌ನ ಕಾಂಗರೂ ಗುರುತು ಹುಡುಕುತ್ತ ಬರುವ ಹಿರಿಯರಿಗೆ ಜೆಟ್‌ಸ್ಟಾರ್‌ನ ಕಿತ್ತಳೆ ನಕ್ಷತ್ರದ ಕೌಂಟರೇ ತಮ್ಮದೆಂದು ಹೇಗೆ ಗೊತ್ತಾಗಬೇಕು? ದುಡ್ಡು ಉಳಿಸಲು ಆ ತುಂಡನ್ನು ಬೇರೆಯಾಗಿ ಕೊಂಡರಂತೂ ಕಷ್ಟ ಇನ್ನೂ ಹೆಚ್ಚು: ಅತಿ ಅಗ್ಗದ ದರಕ್ಕೆ 7 ಕೆಜಿ ಕೈಚೀಲವಷ್ಟೇ, ಸೂಟ್‌ಕೇಸಿಗೆ ಬೇರೆ ಹಣ, ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಕೇಳುವವರಿಲ್ಲ. ಹಾರಿಸುವವರ ಹೆಸರನ್ನು ದರದಷ್ಟೇ ದಪ್ಪಕ್ಷರದಲ್ಲಿ ತೋರಿಸುವುದು ಮಾರುವವರ ಕರ್ತವ್ಯ. ಅವರು ತೋರಿಸುವವರೆಗೆ, ಹಣ ಕಟ್ಟುವ ಮುನ್ನ ಆ ಹೆಸರಿರುವ ಸಣ್ಣ ಸಾಲನ್ನು ನೀವೇ ಓದಿ, ಊರಿಗೆ ಫೋನ್ ಮಾಡಿ ಅಪ್ಪ-ಅಮ್ಮನಿಗೆ ಬಿಡಿಸಿ ಹೇಳಿ.