ದೂರದ ತಾಲೂಕುಗಳೂ ಸರಕಾರದ ಪಗಾರವೂ

ರಾಯಚೂರು ಸೀಮೆಯಲ್ಲಿ ಸರಕಾರಿ ನೌಕರನೊಬ್ಬನಿಗೆ ದೇವದುರ್ಗಕ್ಕೆ ವರ್ಗವಾಯಿತೆಂದು ತಿಳಿದೊಡನೆ ಅವನ ಸ್ನೇಹಿತರು ಕೇಳುವ ಮೊದಲನೆಯ ಪ್ರಶ್ನೆ, "ಯಾರನ್ನು ಎದುರು ಹಾಕಿಕೊಂಡಿರಿ?" ಎಂಬುದು. ನಮ್ಮ ಆಡಳಿತದ ರೋಗವೆಲ್ಲವೂ ಈ ಒಂದು ಪ್ರಶ್ನೆಯಲ್ಲಿ ಅಡಗಿದೆ. ಕನ್ನಡ ನಾಡಿನ ಒಂದು ತಾಲೂಕಿಗೆ ಹೋಗಿ ಕೆಲಸ ಮಾಡುವುದು ಕನ್ನಡಿಗನಿಗೇ ಶಿಕ್ಷೆಯೆನಿಸುತ್ತಿರುವವರೆಗೆ, 1956ರ ನವೆಂಬರ 1ರಂದು ನಾವು ಪಡೆದ ಏಕೀಕರಣವು ನಕಾಶೆಯ ಮೇಲೆ ಪೂರ್ಣವಾಗಿದೆಯೇ ಹೊರತು ಕಚೇರಿಯ ಹಾಜರಿ ಪುಸ್ತಕದಲ್ಲಿ ಪೂರ್ಣವಾಗಿಲ್ಲವೆಂದೇ ಹೇಳಬೇಕಾಗುತ್ತದೆ.

1948ರ ಸೆಪ್ಟೆಂಬರ ತಿಂಗಳವರೆಗೆ ಈ ಸೀಮೆಯು ನಿಜಾಮರ ಆಳಿಕೆಯಲ್ಲಿದ್ದಿತು. ಕಚೇರಿಯ ಭಾಷೆ ಉರ್ದು. 1919ರ ಫರ್ಮಾನಿನಿಂದ ಮುಲ್ಕಿ ನಿಯಮವು ಬಂದು, ಸಂಸ್ಥಾನದ ನಿವಾಸಿಗಳಿಗೇ ನೌಕರಿಯೆಂದು ಸಾರಿತಾದರೂ, ಭಾಷೆಯ ಬಾಗಿಲು ಮುಚ್ಚಿದ್ದುದರಿಂದ ಕನ್ನಡವನ್ನಷ್ಟೇ ಬಲ್ಲವನಿಗೆ ಅದರಿಂದಾದ ಲಾಭ ಅತ್ಯಲ್ಪ. ಆಗಿನ ಕೊರತೆಗೆ, ಜನರಿಗೆ ಹೊಣೆಯಲ್ಲದ ಪ್ರಭುತ್ವವೆಂಬ ಕಾರಣವನ್ನಾದರೂ ಹೇಳಬಹುದಾಗಿತ್ತು. ಈಗ ಪ್ರಭುತ್ವವು ನಮ್ಮದೇ; ಕೊರತೆಯೂ ನಮ್ಮದೇ. 2002ರಲ್ಲಿ ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯು ರಾಜ್ಯದ 114 ತಾಲೂಕುಗಳನ್ನು ಹಿಂದುಳಿದವೆಂದು ಎಣಿಸಿ, ಅವುಗಳಲ್ಲಿ 39ನ್ನು ಅತ್ಯಂತ ಹಿಂದುಳಿದವೆಂದಿತು. ಮಾನವಿ, ದೇವದುರ್ಗಗಳೆರಡೂ ಆ 39ರಲ್ಲಿ ಸೇರಿದ್ದವು. ದೇವದುರ್ಗಕ್ಕಂತೂ ಎಲ್ಲಕ್ಕೂ ಕೊನೆಯ ಸ್ಥಾನ. 2011ರ ಜನಗಣತಿಯಲ್ಲಿ ರಾಜ್ಯದ ಅಕ್ಷರಸ್ಥರು ನೂರಕ್ಕೆ 75 ಮಂದಿಯಾದರೆ ರಾಯಚೂರು ಜಿಲ್ಲೆಯಲ್ಲಿ 60 ಮಂದಿಯೂ ತುಂಬಲಿಲ್ಲ.

ಇದಕ್ಕೆ ಔಷಧವೆಂದು 2012ರಲ್ಲಿ ಪಾರ್ಲಿಮೆಂಟು ಸಂವಿಧಾನಕ್ಕೆ 98ನೆಯ ತಿದ್ದುಪಡಿಯನ್ನು ಮಾಡಿ 371(ಜೆ) ವಿಧಿಯನ್ನು ಸೇರಿಸಿತು. 2013ರ ಆಜ್ಞೆಯಂತೆ ಈ ಭಾಗದ ಹುದ್ದೆಗಳಲ್ಲಿ ಎ ಮತ್ತು ಬಿ ದರ್ಜೆಗೆ ನೂರಕ್ಕೆ 75, ಸಿ ದರ್ಜೆಗೆ 80, ಡಿ ದರ್ಜೆಗೆ 85 ಸ್ಥಳೀಯರಿಗೆ ಮೀಸಲಾದವು. ಇದು ಬಹುಕಾಲದ ಹೋರಾಟದ ಫಲ. ಇದನ್ನು ಕೀಳುಗಳೆಯುವ ಮನಸ್ಸು ನಮಗಿಲ್ಲ. ಆದರೆ ಕಾಯಿದೆಯ ಕಣ್ಣಿನಲ್ಲಿ 'ಸ್ಥಳೀಯ'ನೆಂದರೆ ಇಡೀ ಪ್ರದೇಶದವನು. ಬೀದರದಲ್ಲಿಯೋ ಕಲಬುರಗಿ ಪಟ್ಟಣದಲ್ಲಿಯೋ ಹುಟ್ಟಿ ಬೆಳೆದ ತರುಣನು ದೇವದುರ್ಗದ ಹಳ್ಳಿಯ ಶಾಲೆಗೆ ಕಾಯಿದೆಯಂತೆ ಸ್ಥಳೀಯನೇ. ಮನೆಯ ಲೆಕ್ಕದಲ್ಲಿ ಮಾತ್ರ ದೂರದವನು. ನೌಕರಿಯ ಬಾಗಿಲನ್ನು ವಿಧಿಯು ತೆರೆಯಿತು. ಒಳಗೆ ಬಂದವನು ಕುಳಿತುಕೊಳ್ಳುವಂತೆ ಚಾಪೆಯನ್ನು ಯಾರೂ ಹಾಸಲಿಲ್ಲ.

ಚಾಪೆಯೆಂದರೆ ಪಗಾರ, ಮನೆ, ಮುಂದಿನ ಏಳಿಗೆ. ಇವುಗಳಲ್ಲಿ ನಮ್ಮ ನಿಯಮಗಳು ಹೇಗಿವೆಯೆಂಬುದನ್ನು ವಾಚಕರು ತಾವೇ ಲೆಕ್ಕ ಹಾಕಿ ನೋಡಬೇಕು. ಏಳನೆಯ ರಾಜ್ಯ ವೇತನ ಆಯೋಗದ ಶಿಫಾರಸುಗಳು 2024ರ ಆಗಸ್ಟ 1ರಿಂದ ಜಾರಿಗೆ ಬಂದವು. ಅದರಂತೆ ಮನೆ ಬಾಡಿಗೆ ಭತ್ಯೆಯು 25 ಲಕ್ಷಕ್ಕೆ ಮೇಲ್ಪಟ್ಟ ಜನಸಂಖ್ಯೆಯ ನಗರದಲ್ಲಿ ಮೂಲವೇತನದ ನೂರಕ್ಕೆ 20. 5 ಲಕ್ಷಕ್ಕೆ ಮೇಲ್ಪಟ್ಟಲ್ಲಿ 15. ಉಳಿದ ಸಮಸ್ತ ಊರುಗಳಲ್ಲಿ ಏಳೂವರೆ. 40,000 ರೂಪಾಯಿಯ ಮೂಲವೇತನಕ್ಕೆ ಬೆಂಗಳೂರಿನಲ್ಲಿ 8,000, ರಾಯಚೂರಿನಲ್ಲಿ 3,000. ಬೆಂಗಳೂರಿನ ಮನೆ ಬಾಡಿಗೆ ಭಾರವಾದುದು, ಅದನ್ನು ಒಪ್ಪೋಣ. ಆದರೆ ರಾಯಚೂರು ಪಟ್ಟಣದಲ್ಲಿರುವವನಿಗೂ, ದೇವದುರ್ಗದಿಂದ ಇನ್ನೂ ಹಲವು ಹರದಾರಿ ಒಳಗೆ ಕೃಷ್ಣೆಯ ದಂಡೆಯ ಹಳ್ಳಿಯಲ್ಲಿರುವವನಿಗೂ ಅದೇ 3,000! ಹಳ್ಳಿಯಲ್ಲಿ ಬಾಡಿಗೆಗೆ ಸರಿಯಾದ ಮನೆಯೇ ಸಿಕ್ಕದು. ಮಕ್ಕಳಿಗೆ ಹೈಸ್ಕೂಲು ದೂರ. ರಾತ್ರಿ ಜ್ವರ ಬಂದರೆ ದವಾಖಾನೆಯು ಇನ್ನೂ ದೂರ. ಆದುದರಿಂದ ಮಾಸ್ತರರು ರಾಯಚೂರಿನಲ್ಲಿ ಬಿಡಾರ ಹೂಡಿ, ಮುಂಜಾನೆಯ ಬಸ್ಸಿನಲ್ಲಿ ಹೊರಟು, ಸಂಜೆಯ ಬಸ್ಸಿಗೆ ಗಡಿಯಾರ ನೋಡುತ್ತಾರೆ. ಅವರನ್ನು ಹಳಿಯುವುದು ಸುಲಭ. ಅವರು ಮಾಡಿದ ಲೆಕ್ಕವಾದರೋ ಸರಕಾರವೇ ಹಾಕಿಕೊಟ್ಟ ಲೆಕ್ಕ.

ಸರಕಾರಕ್ಕೆ ದೂರದ ಅರಿವಿಲ್ಲವೆಂದಲ್ಲ. ಶಿಕ್ಷಕರ ವರ್ಗಾವಣೆಗೆಂದು ಎ, ಬಿ, ಸಿ ಎಂಬ ವಲಯಗಳನ್ನು ಮಾಡಿದೆ. ಯಾವ ಶಾಲೆ ಪಟ್ಟಣದ್ದು, ಯಾವುದು ದೂರದ್ದು ಎಂಬುದು ಕಡತದಲ್ಲಿಯೇ ಇದೆ. ವರ್ಗ ಮಾಡುವಾಗ ಕಾಣುವ ದೂರವು ಪಗಾರ ಕೊಡುವಾಗ ಕಾಣದೆ ಹೋಗುವುದೇಕೆ? ಇದೇನು ಹೊಸ ವಿಚಾರವೂ ಅಲ್ಲ. ಕೌಟಿಲ್ಯನು ತನ್ನ ಅರ್ಥಶಾಸ್ತ್ರದಲ್ಲಿ ದೂತನಿಗೆ ಯೋಜನಕ್ಕೆ 10 ಪಣಗಳಂತೆ ವೇತನವನ್ನು ವಿಧಿಸಿ, ಹತ್ತು ಯೋಜನ ಮೀರಿದರೆ ಅದನ್ನು ಇಮ್ಮಡಿ ಮಾಡಿದನು. ನಮ್ಮ ಕಾಲದಲ್ಲಿಯೇ ಛತ್ತೀಸಗಡ ರಾಜ್ಯವು ದವಾಖಾನೆಗಳನ್ನು ಸಾಮಾನ್ಯ, ಕಠಿನ, ಅತಿ ಕಠಿನ, ದುರ್ಗಮ ಎಂದು ವಿಂಗಡಿಸಿ, ಕಠಿನವಾದಷ್ಟೂ ವೈದ್ಯರಿಗೂ ದಾದಿಯರಿಗೂ ಹೆಚ್ಚು ಹಣ ಕೊಡುವ ಯೋಜನೆಯನ್ನು ಕೈಕೊಂಡಿತು.

ಅಷ್ಟು ದೂರವೇಕೆ? ನಮ್ಮ ಜಿಲ್ಲೆಯಲ್ಲಿಯೇ ಶಕ್ತಿನಗರವಿದೆ, ಹಟ್ಟಿಯ ಚಿನ್ನದ ಗಣಿಯಿದೆ. ಬಿಸಿಲು ಅದೇ, ಧೂಳು ಅದೇ. ಶಕ್ತಿನಗರದಲ್ಲಿ ಬೂದಿಯೊಂದು ಹೆಚ್ಚು. ಆದರೂ ಅಲ್ಲಿ ನೌಕರರು ಸಂಸಾರಸಮೇತ ವರ್ಷಗಟ್ಟಲೆ ನೆಲಸಿದ್ದಾರೆ. ಎರಡೂ ಸರಕಾರದ ಒಡೆತನದವೇ. ಸಂಸ್ಥೆಯು ಮನೆ ಕಟ್ಟಿಸಿತು, ಶಾಲೆ ತೆರೆಯಿತು, ದವಾಖಾನೆಯನ್ನಿಟ್ಟಿತು. ಕರೆಂಟು ಮತ್ತು ಚಿನ್ನ ತೆಗೆಯುವವರಿಗೆ ಬೇಕಾದುದು ಅಕ್ಷರ ಕಲಿಸುವವರಿಗೆ ಬೇಡವೇ?

ಇನ್ನು, ಖಾಲಿ ಕುರ್ಚಿಯಲ್ಲಿ ಕುಳಿತು ಶಾಲೆಯನ್ನು ನಡೆಸುತ್ತಿರುವವರು ಯಾರು? ಬಹುಕಡೆ ಅತಿಥಿ ಶಿಕ್ಷಕರು. ಅದೇ ಊರಿನ, ಅಥವಾ ಪಕ್ಕದ ಊರಿನ, ಓದಿದ ತರುಣ ತರುಣಿಯರು. ಅವರಿಗೆ ತಿಂಗಳಿಗೆ ದೊರೆಯುವ ಗೌರವಧನವು ಹತ್ತು ಹನ್ನೆರಡು ಸಾವಿರದ ಆಸುಪಾಸಿನದು. ರಾಜ್ಯದ ಖಾಯಂ ನೌಕರಿಯ ಅತ್ಯಂತ ಕೆಳಗಿನ ಮೂಲವೇತನವಾದರೋ 27,000. ಊರು ಬಿಟ್ಟು ಹೋಗದವನಿಗೆ ಅರ್ಧಕ್ಕಿಂತ ಕಡಿಮೆ, ಬಂದು ನಿಲ್ಲದವನಿಗೆ ಪೂರ್ತಿ! ನಿಯೋಜನೆಯೆಂಬ ಹೆಸರಿನಲ್ಲಿ ದೇವದುರ್ಗದ ಹುದ್ದೆಯ ಪಗಾರವನ್ನು ಪಡೆದು ಬೇರೆ ಊರಿನ ಕಚೇರಿಯಲ್ಲಿ ಕುಳಿತವರ ವಿಷಯವನ್ನು ನಾವಿಲ್ಲಿ ಎತ್ತುವುದಿಲ್ಲ. ಮಾಸ್ತರರ ಕೊಠಡಿಗಳಲ್ಲಿ ಅದರ ಚರ್ಚೆ ಬೇಕಾದಷ್ಟು ನಡೆದೇ ಇದೆ.

'ಸೇವೆಗೆ ಹಣದ ಆಸೆ ತಕ್ಕುದಲ್ಲ' ಎಂದು ಉಪದೇಶಿಸುವ ದೊಡ್ಡವರಿದ್ದಾರೆ. ವಿಜಯದಾಸರು ಹುಟ್ಟಿದ ಚೀಕಲಪರವಿ, ಜಗನ್ನಾಥದಾಸರು ನೆಲಸಿದ ಮಾನವಿ ನಮ್ಮ ಸೀಮೆಯವೇ. ಆ ಮಹನೀಯರು ಭತ್ಯೆಯನ್ನು ಕೇಳಲಿಲ್ಲ, ನಿಜ. ಆದರೆ ಕಾಲಿಗೆ ಗೆಜ್ಜೆ ಕಟ್ಟಿ ಹೊರಟ ದಾಸರ ವೈರಾಗ್ಯವನ್ನು, ಮೂವರು ಮಕ್ಕಳ ತಂದೆಯಾದ ಗುಮಾಸ್ತನಿಂದ ಅಪೇಕ್ಷಿಸುವುದು, ಅದೂ 20ರ ಭತ್ಯೆಯನ್ನು ಪಡೆಯುತ್ತಿರುವವರು ಅಪೇಕ್ಷಿಸುವುದು, ನ್ಯಾಯವೆನಿಸದು.

ಬರಿಯ ಹಣವನ್ನು ಸುರಿದರೂ ಸಾಲದೆಂಬುದನ್ನು ನಾವು ಬಲ್ಲೆವು. ದೂರದ ಭತ್ಯೆಯೆಂದು ತಿಂಗಳಿಗೊಂದು ಮೊತ್ತವನ್ನು ಎಲ್ಲರಿಗೂ ಹಂಚಿದರೆ ಅದು ಬಸ್ಸಿನ ಚೀಟಿಗೆ ಒದಗೀತೇ ಹೊರತು ಮಾಸ್ತರರನ್ನು ಊರಿನಲ್ಲಿ ನಿಲ್ಲಿಸಲಾರದು. ಆದುದರಿಂದ ಭತ್ಯೆಯು ಹುದ್ದೆಯ ಊರಿನಲ್ಲಿ ವಾಸವಾಗಿರುವವನಿಗೆ ಮಾತ್ರ ಸಲ್ಲತಕ್ಕದ್ದು. ಅದರಲ್ಲಿ ಒಂದು ಪಾಲನ್ನು ಕೂಡಿಟ್ಟು, ಮೂರನೆಯ ವರ್ಷ ತುಂಬಿದಾಗ ಒಮ್ಮೆ, ಐದನೆಯ ವರ್ಷ ತುಂಬಿದಾಗ ಒಮ್ಮೆ ಒಟ್ಟಾಗಿ ಕೊಡಬೇಕು. ನಿಯೋಜನೆಯ ಮೇಲೆ ಹೊರಟವನು ಅದನ್ನು ಕಳೆದುಕೊಳ್ಳಬೇಕು. ಹೋಬಳಿಗೊಂದರಂತೆ ವಸತಿಗೃಹಗಳು ಬೇಕು. ಶಿಕ್ಷಕಿಯರಿಗೂ ದಾದಿಯರಿಗೂ ಮೊದಲು. ದೂರದಲ್ಲಿ ಐದು ವರ್ಷ ನಿಂತವನಿಗೆ, ಮುಂದೆ ತಾನು ಕೇಳಿದ ಊರು ಸಿಕ್ಕುವ ಭರವಸೆಯು ಲಿಖಿತವಾಗಿ ದೊರೆಯಬೇಕು. ಅತಿಥಿ ಶಿಕ್ಷಕರು ಸಲ್ಲಿಸಿದ ವರ್ಷಗಳಿಗೆ ಖಾಯಂ ನೇಮಕದಲ್ಲಿ ಬೆಲೆ ಬರಬೇಕು.

ಹಣವೆಲ್ಲಿಂದ ಎಂದರೆ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಈಚಿನ ಮುಂಗಡಪತ್ರಗಳಲ್ಲಿ ವರ್ಷಕ್ಕೆ 5,000 ಕೋಟಿ ರೂಪಾಯಿಗಳನ್ನು ಸಾರಿದ್ದಾರೆ. ಕಟ್ಟಡಕ್ಕೆ ಶಂಕುಸ್ಥಾಪನೆಯ ಕಲ್ಲಿರುತ್ತದೆ, ಕಲ್ಲಿನ ಮೇಲೆ ಹೆಸರಿರುತ್ತದೆ. ಮಾಸ್ತರರ ಭತ್ಯೆಗೆ ಅಂತಹ ಕಲ್ಲನ್ನು ನೆಡಲಾಗದು. ಬಹುಶಃ ತೊಡಕಿರುವುದು ಇಲ್ಲಿಯೇ. ಆದರೂ ಆ ಮೊತ್ತದ ಒಂದು ಚಿಕ್ಕ ಪಾಲಿನಿಂದ ದೇವದುರ್ಗ, ಮಾನವಿ ಎರಡೇ ತಾಲೂಕುಗಳಲ್ಲಿ ಈ ಏರ್ಪಾಡನ್ನು ಐದು ವರ್ಷ ನಡೆಯಿಸಿ ನೋಡಬಹುದು. ಇದಕ್ಕೆ ಸಂವಿಧಾನದ ತಿದ್ದುಪಡಿ ಬೇಕಾಗಿಲ್ಲ. ಹಣಕಾಸಿನ ಇಲಾಖೆಯ ಆಜ್ಞೆಯೊಂದು ಸಾಕು. ಮುಂದಿನ ವರ್ಗಾವಣೆಯ ಪಟ್ಟಿಗಳು ಹೊರಡುವ ಮುನ್ನ ಆ ಆಜ್ಞೆ ಹೊರಡಲಿ. ನಮ್ಮ ಜಿಲ್ಲೆಯ ಶಾಸಕರು, ಪಕ್ಷ ಯಾವುದೇ ಇರಲಿ, ಇದನ್ನು ವಿಧಾನಸಭೆಯಲ್ಲಿ ಕೇಳಲಿ. ಕೇಳಿದವರ ಹೆಸರನ್ನೂ ಕೇಳದವರ ಹೆಸರನ್ನೂ ಮಾಸ್ತರರು ಬರೆದಿಟ್ಟುಕೊಳ್ಳಲಿ.