ಮಾತೇ ಮೊದಲ ಮದ್ದು



ಕಳೆದ ರಾಜ್ಯೋತ್ಸವದ ಸಮಾರಂಭ ಮುಗಿದು ಎಲ್ಲರೂ ಊಟದ ಸಾಲಿನಲ್ಲಿ ನಿಂತಿದ್ದರು. ನಿಮ್ಮದೇ ವಯಸ್ಸಿನ ಒಬ್ಬ ಹುಡುಗ ನನ್ನನ್ನು ಸಭಾಗೃಹದ ಹೊರಗೆ ಕರೆದುಕೊಂಡು ಹೋದ. ಚಿಕ್ಕವನಿದ್ದಾಗ ನಮ್ಮ ಸಂಘದ ಭಾನುವಾರದ ಕನ್ನಡ ತರಗತಿಯಲ್ಲಿ ನನ್ನ ಬಳಿಯೇ ಕಾಗುಣಿತ ಕಲಿತವನು. ಈಗ ಇಂಜಿನಿಯರಿಂಗ್ ಮೂರನೆಯ ವರ್ಷ. ಸ್ವಲ್ಪ ಹೊತ್ತು ನೆಲ ನೋಡುತ್ತಾ ನಿಂತು, ಕೊನೆಗೆ ಕೇಳಿದ: "ಸರ್, ಗಾಂಜಾ ಬಿಡೋದಕ್ಕೆ ಏನಾದ್ರೂ ಟ್ಯಾಬ್ಲೆಟ್ ಇದೆಯಾ?"

ಎರಡು ಸಲ ಬಿಡಲು ನೋಡಿದ್ದನಂತೆ. ಎರಡು ಸಲವೂ ನಿದ್ದೆ ಬಾರದೆ, ಮನೆಯವರ ಮೇಲೆ ರೇಗಾಡಿ, ನಾಲ್ಕನೆಯ ದಿನ ಮತ್ತೆ ಸೇದಿದ್ದ. "ನನ್ನಲ್ಲೇ ಏನೋ ದೋಷ ಇದೆ ಸರ್" ಎಂದ.

ನಾನು ವೈದ್ಯನಲ್ಲ, ನಿವೃತ್ತ ಶಿಕ್ಷಕ. ಮರುವಾರ ಅವನ ಜೊತೆ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಹೋದೆ. ಅಲ್ಲಿ ಕೇಳಿದ್ದನ್ನೂ ಆಮೇಲೆ ಓದಿ ತಿಳಿದದ್ದನ್ನೂ ಈ ಸಲ ನಿಮ್ಮ ಮುಂದಿಡುತ್ತಿದ್ದೇನೆ. ಅವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಯಾರಿರಬಹುದೆಂದು ಹುಡುಕಲು ಹೊರಡಬೇಡಿ. ನಿಮಗೆ ಈ ಮಾತು ಬೇಡವಾಗಿದ್ದರೂ ನಿಮ್ಮ ಗೆಳೆಯನೊಬ್ಬನಿಗೆ ಬೇಕಾದೀತು.

"ಇದು ಬರೀ ಗಿಡ, ಚಟ ಹಿಡಿಯೋದಿಲ್ಲ" ಎಂಬ ಮಾತನ್ನು ನೀವು ಕಾಲೇಜಿನಲ್ಲಿ ಕೇಳಿರುತ್ತೀರಿ. ಸೇದಿದವರೆಲ್ಲ ವ್ಯಸನಿಗಳಾಗುವುದಿಲ್ಲ, ನಿಜ. ಆದರೆ ಸುಮಾರು ಹತ್ತು ಜನರಲ್ಲಿ ಒಬ್ಬರಿಗೆ ಅದು ಅಂಟಿಕೊಳ್ಳುತ್ತದೆ. ಹದಿಹರೆಯದಲ್ಲೇ ಶುರು ಮಾಡಿದವರಲ್ಲಿ ಸುಮಾರು ಆರಕ್ಕೆ ಒಬ್ಬರಿಗೆ. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ಸಂಸ್ಥೆ ನಡೆಸಿದ, 2019ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ಭಂಗಿ, ಗಾಂಜಾ, ಚರಸ್‌ಗಳಿಂದ ತೊಂದರೆಗೆ ಸಿಲುಕಿ ನೆರವು ಬೇಕಾಗಿರುವ ಭಾರತೀಯರು ಸುಮಾರು 72 ಲಕ್ಷ. ನಮ್ಮ ಹುಡುಗ ಒಬ್ಬಂಟಿಯಲ್ಲ.

ಬಿಟ್ಟಾಗ ಅಷ್ಟು ಕಷ್ಟವೇಕೆ? ಗಾಂಜಾದಂತೆಯೇ ಕೆಲಸ ಮಾಡುವ ಒಂದು ರಾಸಾಯನಿಕವನ್ನು ನಮ್ಮ ಮಿದುಳು ತಾನೇ ತಯಾರಿಸಿಕೊಳ್ಳುತ್ತದೆ. 1992ರಲ್ಲಿ ಅದನ್ನು ಕಂಡುಹಿಡಿದ ಜೆರುಸಲೇಮಿನ ರಾಫೆಲ್ ಮೆಶೂಲಮ್ ಅವರ ತಂಡ ಸಂಸ್ಕೃತದ 'ಆನಂದ' ಪದದಿಂದಲೇ ಅದಕ್ಕೆ 'ಆನಂದಮೈಡ್' ಎಂದು ಹೆಸರಿಟ್ಟಿತು. ಹೊರಗಿನಿಂದ ದಿನವೂ ಗಾಂಜಾ ಬಂದು ಬೀಳುತ್ತಿದ್ದರೆ, ಅದನ್ನು ಬರಮಾಡಿಕೊಳ್ಳುವ ಮಿದುಳಿನ ಗ್ರಾಹಕಗಳು ಕಡಿಮೆಯಾಗುತ್ತವೆ. ಒಮ್ಮೆಲೇ ನಿಲ್ಲಿಸಿದಾಗ ಸಿಡುಕು, ಚಡಪಡಿಕೆ, ನಿದ್ದೆಗೇಡು, ಊಟ ಸೇರದಿರುವುದು, ವಿಚಿತ್ರ ಕನಸುಗಳು ಕಾಣಿಸಿಕೊಳ್ಳುತ್ತವೆ. ಒಂದರಿಂದ ಮೂರು ದಿನದೊಳಗೆ ಶುರುವಾಗಿ, ಮೊದಲ ವಾರದಲ್ಲಿ ಏರಿ, ಸಾಮಾನ್ಯವಾಗಿ ಎರಡು ವಾರಕ್ಕೆ ಇಳಿಯುತ್ತವೆ. ನಿದ್ದೆ ಹದಕ್ಕೆ ಬರಲು ಮಾತ್ರ ತಿಂಗಳು ಹಿಡಿಯಬಹುದು. ಸುಮಾರು ನಾಲ್ಕು ವಾರ ದೂರವಿದ್ದರೆ ಆ ಗ್ರಾಹಕಗಳು ಮೊದಲಿನ ಮಟ್ಟಕ್ಕೆ ಮರಳುತ್ತವೆಂದು 2012ರ ಒಂದು ಅಧ್ಯಯನ ತೋರಿಸಿದೆ. ಅಂದರೆ ನಮ್ಮ ಹುಡುಗ ಎರಡು ಸಲವೂ ಸೋತದ್ದು ಅತಿ ಕಷ್ಟದ ದಿನಗಳಲ್ಲಿ, ಅದೂ ಯಾರ ನೆರವೂ ಇಲ್ಲದೆ. ಅದು ಅವನ ದೋಷವಲ್ಲ.

ಇನ್ನು ಅವನ ಪ್ರಶ್ನೆಗೆ ಉತ್ತರ. ಗಾಂಜಾ ಚಟವನ್ನೇ ಬಿಡಿಸುತ್ತದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಒಪ್ಪಿದ ಔಷಧ ಇದುವರೆಗೆ ಒಂದೂ ಇಲ್ಲ. ಪ್ರಯತ್ನಗಳೇನೋ ನಡೆದಿವೆ. 2012ರಲ್ಲಿ ಅಮೆರಿಕದಲ್ಲಿ 15ರಿಂದ 21 ವಯಸ್ಸಿನ 116 ಮಂದಿಯ ಮೇಲೆ ಎನ್-ಅಸಿಟೈಲ್‌ಸಿಸ್ಟೀನ್ ಎಂಬ ಔಷಧ ಒಳ್ಳೆಯ ಫಲ ಕೊಟ್ಟಿತು. 2017ರಲ್ಲಿ 302 ವಯಸ್ಕರ ಮೇಲೆ ಪ್ರಯೋಗಿಸಿದಾಗ ವ್ಯತ್ಯಾಸವೇ ಕಾಣಲಿಲ್ಲ. ಗಾಂಜಾದ ಸಾರದಿಂದಲೇ ತಯಾರಿಸಿ ಬಾಯಿಗೆ ಸಿಂಪಡಿಸುವ ನ್ಯಾಬಿಕ್ಸಿಮಾಲ್ಸ್ ಎಂಬ ಔಷಧ 2019ರ ಆಸ್ಟ್ರೇಲಿಯದ ಅಧ್ಯಯನವೊಂದರಲ್ಲಿ ಸೇದುವ ದಿನಗಳನ್ನು ಕಡಿಮೆ ಮಾಡಿತು. ಆದರೆ ಅಲ್ಲಿಯೂ ಆಪ್ತಸಮಾಲೋಚನೆ ಜೊತೆಗಿತ್ತು. ಹಾಗೆಂದು ಔಷಧಕ್ಕೆ ಕೆಲಸವೇ ಇಲ್ಲವೆಂದಲ್ಲ. ಮೊದಲ ವಾರಗಳ ನಿದ್ದೆಗೇಡು, ಆತಂಕಗಳಿಗೆ, ಒಳಗೊಳಗೇ ಇರುವ ಖಿನ್ನತೆಗೆ ವೈದ್ಯರು ಔಷಧ ಕೊಡುತ್ತಾರೆ. ಯಾರೂ ಇಲ್ಲದಿದ್ದರೂ ದನಿ ಕೇಳಿಸುವುದು, ಎಲ್ಲರೂ ತನ್ನ ಮೇಲೆ ಸಂಚು ಮಾಡುತ್ತಿದ್ದಾರೆ ಎನಿಸುವುದು ಕಂಡರೆ ಒಂದು ದಿನವೂ ತಡಮಾಡದೆ ಮನೋವೈದ್ಯರ ಬಳಿ ಹೋಗಬೇಕು. ಗೆಳೆಯ ಕೊಟ್ಟ ನಿದ್ದೆ ಮಾತ್ರೆ ಮಾತ್ರ ಬೇಡ. ಒಂದು ಚಟ ಬಿಡಲು ಹೋಗಿ ಇನ್ನೊಂದು ಹಿಡಿದಂತಾದೀತು.

ಹಾಗಾದರೆ ಮುಖ್ಯ ಚಿಕಿತ್ಸೆ ಯಾವುದು? ಮಾತು. ಉಪದೇಶವಲ್ಲ, ಕ್ರಮಬದ್ಧವಾದ ಮಾತು. ಮೊದಲ ಭೇಟಿಯಲ್ಲಿ ಡಾಕ್ಟರು "ಬಿಟ್ಟುಬಿಡು" ಎನ್ನಲೇ ಇಲ್ಲ. "ಇದರಿಂದ ನಿನಗೆ ಸಿಗೋದೇನು, ಹೋಗ್ತಿರೋದೇನು?" ಎಂದು ಕೇಳಿದರು. ಬಿಡುವ ಕಾರಣ ಅವನ ಬಾಯಿಂದಲೇ ಬರಬೇಕಂತೆ. ಆಮೇಲಿನ ಭೇಟಿಗಳಲ್ಲಿ ಯಾವಾಗ, ಯಾರ ಜೊತೆ, ಯಾವ ಮನಸ್ಥಿತಿಯಲ್ಲಿ ಸೇದುತ್ತಾನೆಂದು ಬರೆದಿಡಲು ಹೇಳಿದರು. ಪಟ್ಟಿ ನೋಡಿದರೆ ಅರ್ಧಕ್ಕರ್ಧ ರಾತ್ರಿ ಹನ್ನೊಂದರ ಮೇಲೆ, ಹಾಸ್ಟೆಲಿನ ಅದೇ ಕೋಣೆಯಲ್ಲಿ, ಪರೀಕ್ಷೆಯ ಭಯದಲ್ಲಿ! ಆ ಹೊತ್ತಿಗೆ ಬೇರೆ ಏನು ಮಾಡಬೇಕು, ಕೊಡಲು ಬಂದ ಗೆಳೆಯನಿಗೆ ಜಗಳವಿಲ್ಲದೆ ಹೇಗೆ ಬೇಡವೆನ್ನಬೇಕು, ಬಯಕೆಯ ಅಲೆ ಏರಿದಾಗ ಅದು ಇಳಿಯುವವರೆಗೆ ಹೇಗೆ ಕಾಯಬೇಕು, ಇವೆಲ್ಲವನ್ನೂ ಪಾಠದಂತೆ ಅಭ್ಯಾಸ ಮಾಡಿಸಿದರು. ನಮ್ಮಲ್ಲಿ ಹಲವರು ಗಾಂಜಾಕ್ಕೆ ತಂಬಾಕು ಬೆರೆಸುವುದರಿಂದ ಅದರ ಚಟವನ್ನೂ ಒಟ್ಟಿಗೇ ನೋಡಬೇಕಾಯಿತು.

ಇದರಿಂದ ಎಷ್ಟು ಪ್ರಯೋಜನ? 2004ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 450 ಮಂದಿಯನ್ನು ಮೂರು ಗುಂಪು ಮಾಡಿದ್ದರು. ನಾಲ್ಕು ತಿಂಗಳ ಹೊತ್ತಿಗೆ ಪೂರ್ತಿ ಬಿಟ್ಟವರು, ಚಿಕಿತ್ಸೆಗೆ ಇನ್ನೂ ಕಾಯುತ್ತಿದ್ದವರಲ್ಲಿ ನೂರಕ್ಕೆ ಸುಮಾರು 4. ಎರಡು ಭೇಟಿಯವರಲ್ಲಿ ಸುಮಾರು 9. ಒಂಬತ್ತು ಭೇಟಿಯವರಲ್ಲಿ ಸುಮಾರು 23. "ಇಷ್ಟೇನಾ?" ಎನ್ನಬೇಡಿ. ಬಿಡದವರಲ್ಲೂ ಹಲವರು ಸೇದುವುದನ್ನು ತಗ್ಗಿಸಿದ್ದರು. ಜಾರುವುದು ಈ ದಾರಿಯಲ್ಲಿ ಸಾಮಾನ್ಯ. ಜಾರಿದ ಮರುದಿನ ಮತ್ತೆ ವೈದ್ಯರ ಬಳಿ ಹೋಗುವುದೇ ಚಿಕಿತ್ಸೆಯ ಭಾಗ. 'ಹುಟ್ಟುಗುಣ ಸುಟ್ಟರೂ ಹೋಗದು' ಎಂದು ಹಿರಿಯರು ಗಾದೆ ಹೇಳಿಯಾರು. ಚಟ ಹುಟ್ಟುಗುಣವಲ್ಲ.

ಪೊಲೀಸರ ಭಯವೇ? 1985ರ ಮಾದಕ ದ್ರವ್ಯ ಕಾಯ್ದೆಯ 64ಎ ಕಲಮಿನ ಪ್ರಕಾರ, ವ್ಯಸನಿಯು ತಾನಾಗಿ ಮುಂದೆ ಬಂದು ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಸೇರಿದರೆ, ಸೇವನೆ ಹಾಗೂ ಅಲ್ಪ ಪ್ರಮಾಣದ ಅಪರಾಧಗಳಿಗೆ ಮೊಕದ್ದಮೆಯಿಂದ ವಿನಾಯಿತಿ ಇದೆ. ಚಿಕಿತ್ಸೆಯನ್ನು ಮಾತ್ರ ಪೂರ್ತಿಗೊಳಿಸಬೇಕು. 2017ರ ಮಾನಸಿಕ ಆರೋಗ್ಯ ಕಾಯ್ದೆ ರೋಗಿಯ ಗೋಪ್ಯತೆಯನ್ನು ಹಕ್ಕೆಂದು ಹೇಳಿದೆ.

ಎಲ್ಲಿಗೆ ಹೋಗುವುದು? ದೊಡ್ಡ ಸರ್ಕಾರಿ ಆಸ್ಪತ್ರೆಗಳ ಮನೋರೋಗ ವಿಭಾಗಕ್ಕೆ. ಪುಣೆಯಲ್ಲಿ ಅವಚಟ್ ದಂಪತಿಗಳು 1986ರಲ್ಲಿ ಆರಂಭಿಸಿದ ಮುಕ್ತಾಂಗಣವಿದೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ವ್ಯಸನಮುಕ್ತಿಯ ರಾಷ್ಟ್ರೀಯ ಉಚಿತ ಸಹಾಯವಾಣಿ 14446. ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಂಖ್ಯೆ 14416. ಅಲ್ಲಿ ಕನ್ನಡದಲ್ಲೂ ಮಾತಾಡಬಹುದು.

ಕನ್ನಡದಲ್ಲಿ ಎಂದು ಒತ್ತಿ ಹೇಳಲು ಕಾರಣವಿದೆ. ಹುಡುಗ ಡಾಕ್ಟರ ಮುಂದೆ ಇಂಗ್ಲಿಷ್, ಹಿಂದಿಯಲ್ಲಿ ಧಾರಾಳ ಮಾತಾಡಿದ. ಆದರೆ "ಮನೇಲಿ ಹೇಳಿದ್ದೀಯಾ?" ಎಂದಾಗ, "ಅಮ್ಮನಿಗೆ ಹೇಳೋಕೆ ನನ್ನ ಹತ್ರ ಕನ್ನಡ ಇಲ್ಲ" ಎಂದ. ಆ ಮಾತು ನನ್ನನ್ನು ಚುಚ್ಚಿತು. ನಿಮಗೆ ನಾವು ಕಲಿಸಿದ ಕನ್ನಡ ಊಟ, ಹಬ್ಬ, ನಾಡಗೀತೆಗಳದು. ಭಯವನ್ನು, ಸೋಲನ್ನು ಹೇಳಿಕೊಳ್ಳುವ ಕನ್ನಡ ಕಲಿಸಲಿಲ್ಲ. ಇಷ್ಟು ಸಾಕು, ನೆನಪಿಡಿ: "ಅಮ್ಮ, ನಂಗೊಂದು ಚಟ ಹಿಡಿದಿದೆ. ಒಬ್ಬನಿಗೇ ಬಿಡೋಕೆ ಆಗ್ತಿಲ್ಲ. ಡಾಕ್ಟರ ಹತ್ರ ನನ್ನ ಜೊತೆ ಬರ್ತೀಯಾ?"

ಅವನು ಹೇಳಿದ. ತಾಯಿ ಸ್ವಲ್ಪ ಹೊತ್ತು ಅತ್ತು, "ಇಷ್ಟು ದಿನ ಒಬ್ನೇ ಯಾಕೋ ಅನುಭವಿಸ್ದೆ?" ಎಂದರಂತೆ. ಮುಂದಿನ ಭೇಟಿಗೆ ನನ್ನ ಜಾಗದಲ್ಲಿ ಅವರೇ ಹೋದರು. ಈಗ ಐದು ತಿಂಗಳು. ನಡುವೆ ಒಮ್ಮೆ, ಗೆಳೆಯನ ಹುಟ್ಟುಹಬ್ಬದ ದಿನ, ಜಾರಿದ. ಮರುದಿನ ಬೆಳಿಗ್ಗೆ ತಾನೇ ಡಾಕ್ಟರಿಗೆ ಫೋನ್ ಮಾಡಿದ.

ಮುಂದಿನ ಸಂಚಿಕೆಯಲ್ಲಿ ಮತ್ತೆ ಭೇಟಿಯಾಗೋಣ. ಅಷ್ಟರೊಳಗೆ ಯಾರಿಗಾದರೂ ಆಸ್ಪತ್ರೆಗೆ ಜೊತೆ ಬೇಕಿದ್ದರೆ, ಭಾನುವಾರ ಸಂಜೆ ಸಂಘದ ವಾಚನಾಲಯದಲ್ಲಿ ನಾನು ಇರುತ್ತೇನೆ.