ಲಗ್ಗೆರೆ ಹುಡುಗನಿಗೆ ಮಾತೇ ಬರಲ್ಲವಂತೆ!

ಮಗನನ್ನೋ ತಮ್ಮನನ್ನೋ ದುಡಿಯಲು ಬೆಂಗಳೂರಿಗೆ ಕಳಿಸಿದವರು ಇದನ್ನು ಓದಲೇಬೇಕು. ಲಗ್ಗೆರೆ ಅಂದರೆ ಪೀಣ್ಯ ಕೈಗಾರಿಕಾ ಪ್ರದೇಶದ ಮಗ್ಗುಲಿನ ಬಡಾವಣೆ. ಅಲ್ಲಿ ಒಂದೊಂದು ಬಾಡಿಗೆ ರೂಮಿನಲ್ಲಿ ನಾಲ್ಕೈದು ಹುಡುಗರು ಇರುತ್ತಾರೆ. ಬೆಳಗಾದರೆ ಡಬ್ಬಿ ಹಿಡಿದು ಫ್ಯಾಕ್ಟರಿ ಕಡೆ ನಡೆಯುತ್ತಾರೆ.

ಅಲ್ಲಿ ನಮಗೆ ಸಿಕ್ಕವನು ರಾಯಚೂರು ಕಡೆಯ ಹುಡುಗ. ಹತ್ತೊಂಬತ್ತು ವರ್ಷ, ಎಸ್ಸೆಸ್ಸೆಲ್ಸಿ ಫೇಲು, ಎರಡು ವರ್ಷದಿಂದ ವರ್ಕ್‌ಶಾಪಿನಲ್ಲಿ ಹೆಲ್ಪರ್. ಒಂದು ತರಬೇತಿ ಕೇಂದ್ರದಲ್ಲಿ ‘ಕೌಶಲ ಮೌಲ್ಯಮಾಪನ’ಕ್ಕೆ ಕೂತಿದ್ದ. ಇಂಗ್ಲಿಷಿನಲ್ಲಿ ನಿನ್ನ ಪರಿಚಯ ಮಾಡಿಕೋ ಅಂದರಂತೆ. ತಡವರಿಸಿದ. ಹಾಳೆಯಲ್ಲಿ ‘ಸಂವಹನ: ಕಡಿಮೆ’ ಅಂತ ಬರೆದು ಕಳಿಸಿದರು.

ಅದೇ ಸಂಜೆ ಅವನ ಜೊತೆ ವರ್ಕ್‌ಶಾಪಿಗೆ ಹೋದೆವು. ಒಡಿಶಾದ ಆಪರೇಟರ್ ಹತ್ತಿರ ಹಿಂದಿ, ಲೋಡ್ ತಂದ ಡ್ರೈವರ್ ಹತ್ತಿರ ತೆಲುಗು, ಮಾಲೀಕರ ಹತ್ತಿರ ಕನ್ನಡ. ಮೈಕ್ರೋಮೀಟರ್ ಹಿಡಿದು ಮಿಲಿಮೀಟರಿನ ನೂರನೇ ಒಂದು ಭಾಗದ ವ್ಯತ್ಯಾಸ ಓದಿದ. ಆಮೇಲೆ ಮಾಲೀಕರಿಗೆ, ‘ಟೂಲ್ ಸವದೈತ್ರಿ ಸರ್, ಈಗ್ಲೇ ಚೇಂಜ್ ಮಾಡ್ಲಿಲ್ಲಂದ್ರ ಮುಂದಿನ ಪೀಸೆಲ್ಲ ರಿಜೆಕ್ಟ್ ಆಗ್ತಾವ್ರಿ’ ಅಂದ. ಅಳತೆ, ಲೆಕ್ಕ, ಮುಂದಾಲೋಚನೆ, ದೊಡ್ಡವರ ಮುಖ ಕೆಡದ ಹಾಗೆ ತಪ್ಪು ತೋರಿಸುವ ಜಾಣತನ, ಎಲ್ಲ ಆ ಒಂದೇ ಮಾತಿನಲ್ಲಿತ್ತು. ಇವನಿಗೆ ಸಂವಹನ ಕಡಿಮೆಯಂತೆ!

ಇವು ಒಂದೇ ಕಸುಬಿಗೆ ಅಂಟಿಕೊಂಡ ಗುಣಗಳಲ್ಲ. ನಾಳೆ ಆ ವರ್ಕ್‌ಶಾಪ್ ಬಾಗಿಲು ಹಾಕಿದರೆ ಗೋಡೌನಿಗೆ ಹೋದರೂ, ಊರಿಗೆ ಬಂದು ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟರೂ ಜೊತೆಗೇ ಬರುತ್ತವೆ. ಅಳೆಯಬೇಕಾದ್ದು ಇದನ್ನು.

ಸರ್ಕಾರಕ್ಕೆ ಗೊತ್ತಿಲ್ಲ ಅನ್ನೋಣವೇ? 2013ರ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟಿನಲ್ಲಿ ‘ಕೋರ್ ಸ್ಕಿಲ್’ ಅಂತಲೇ ಒಂದು ಕಾಲಂ ಇದೆ. ಮಾತು, ಬರಹ, ಲೆಕ್ಕ, ಸುತ್ತಲ ಸಮಾಜದ ತಿಳಿವಳಿಕೆ ಅದರಲ್ಲಿ ಬರುತ್ತವೆ. 2015ರಲ್ಲಿ ಶುರುವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ ಆರ್‌ಪಿಎಲ್ ಎಂಬ ವ್ಯವಸ್ಥೆ ಇದೆ. ಕೆಲಸ ಮಾಡುತ್ತಲೇ ಕಲಿತವರನ್ನು ಪರೀಕ್ಷಿಸಿ ಸರ್ಟಿಫಿಕೇಟ್ ಕೊಡುವುದು ಅದರ ಉದ್ದೇಶ. ಆಲೋಚನೆ ಬಂಗಾರದಂಥದ್ದು. ಆದರೆ ಸರ್ಟಿಫಿಕೇಟ್ ಸಿಗುವುದು ಒಂದು ನಿರ್ದಿಷ್ಟ ಕೆಲಸದ ಹೆಸರಿಗೆ. ಕೆಲಸ ಬದಲಾದರೆ ಆ ಕಾಗದ ಪೆಟ್ಟಿಗೆಯ ತಳ ಸೇರುತ್ತದೆ. ಇತ್ತ ರಾಜ್ಯದ ಯುವನಿಧಿ ಕೇಳೋಣವೆಂದರೆ ಅದು ಡಿಗ್ರಿ, ಡಿಪ್ಲೊಮಾ ಪಾಸಾದವರಿಗೆ.

(ನಮ್ಮ ಪತ್ರಿಕೋದ್ಯಮ ಡಿಪ್ಲೊಮಾ ಕಥೆಯೂ ಇದೇ. ಸುದ್ದಿಯ ವ್ಯಾಖ್ಯೆ ಬರೆದಿದ್ದಕ್ಕೆ ಅಂಕ ಕೊಟ್ಟರು. ತಾಲ್ಲೂಕು ಕಚೇರಿಯಿಂದ ಒಂದು ಕಡತ ಈಚೆ ತರುವ ವಿದ್ಯೆಗೆ ಅಂಕವೇ ಇರಲಿಲ್ಲ.)

ಇಂಗ್ಲಿಷ್ ಬೇಡವಾ ಅಂತ ಕೇಳುವವರಿದ್ದಾರೆ. ಬೇಕು ಸ್ವಾಮಿ, ಕಲಿಸಿ. ಪರೀಕ್ಷೆಯನ್ನೂ ಮಾಡಿ. ಆದರೆ ಅದನ್ನು ಇಂಗ್ಲಿಷ್ ಅಂತಲೇ ಕರೆಯಿರಿ. ಅದಕ್ಕೆ ‘ಸಂವಹನ’ ಅಂತ ಹೆಸರಿಟ್ಟು ಮೂರು ಭಾಷೆ ಆಡುವ ಹುಡುಗನನ್ನು ಮೂಗನನ್ನಾಗಿ ಮಾಡಬೇಡಿ.

ಅಳೆಯುವವರು ಮೆಷಿನ್ ಪಕ್ಕಕ್ಕೆ ಬರಲಿ. ಒಂದು ಗಂಟೆಯಲ್ಲ, ಎರಡು ಮೂರು ದಿನ ನೋಡಲಿ. ಪಕ್ಕದಲ್ಲಿ ಕೆಲಸ ಕಲಿಸಿದ ಮೇಸ್ತ್ರಿ ಇರಲಿ. ಉತ್ತಮ, ಕಡಿಮೆ ಅಂತ ಗೀಚುವ ಬದಲು ಹುಡುಗ ಏನು ಮಾಡಿದ ಅನ್ನುವುದನ್ನು ಕನ್ನಡದಲ್ಲಿ ಬರೆದುಕೊಡಲಿ. ಮುಂದಿನ ಮಾಲೀಕ ಓದಿ ಅರ್ಥ ಮಾಡಿಕೊಳ್ಳುವಂತಿರಲಿ.

ನಿಮ್ಮ ಹುಡುಗ ಹಬ್ಬಕ್ಕೆ ಬಂದಾಗ ಅವನಿಗೂ ಇಂಥ ಹಾಳೆ ಕೊಟ್ಟಿದ್ದರೆ ತೆಗೆಸಿ ನೋಡಿ. ‘ಕಡಿಮೆ’ ಅಂತಿದ್ದರೆ ಅವನನ್ನು ಬೈಯಬೇಡಿ. ಯಾವ ಭಾಷೆಯಲ್ಲಿ ಕೇಳಿದರು, ಎಷ್ಟು ಹೊತ್ತು ನೋಡಿದರು, ಮೆಷಿನ್ ಮುಟ್ಟಲು ಬಿಟ್ಟರಾ ಅಂತ ಕೇಳಿ. ಅವನು ಹೇಳಿದ್ದನ್ನು ನಮಗೂ ತಿಳಿಸಿ.